ಮಾಫಿ ಕೇಳಬೇಕಾದವನು

ಖಲೀಲ್ ಅಜರನ ಕೊರಳಪಟ್ಟಿ ಹಿಡಿದು ಗೋಡೆಗೆ ಬಡಿದಾಗ ಹಿತ್ತಲಿನ ಒಲೆಯ ಮೇಲೆ ಮಯ್ಯತ್ತಿನ, ಅಂದರೆ ಹೆಣದ, ಸ್ನಾನಕ್ಕೆ ನೀರು ಕಾಯುತ್ತಿತ್ತು. ಬಡಿದ ರಭಸಕ್ಕೆ ಗೋಡೆಯ ಸುಣ್ಣ ಉದುರಿ ಅಜರನ ಭುಜದ ಮೇಲೆ ಬಿತ್ತು. ಎರಡನೆಯ ಏಟು ಬಾಯಿಗೆ ಬಿದ್ದು ತುಟಿ ಒಡೆಯಿತು.

"ಯಾವ ಮುಖ ಹೊತ್ಕೊಂಡು ಬಂದ್ಯೋ? ಬದುಕಿದ್ದಾಗ ಅವರ ಮರ್ಯಾದೆ ತೆಗೆದೆ. ಈಗ ಮಯ್ಯತ್ ಮುಟ್ಟೋಕೆ ಬಂದ್ಯಾ?"

ಅವರ ಮನೆಮಾತು ದಖನಿ ಉರ್ದು. ಆದರೆ ಸಿಟ್ಟು ನೆತ್ತಿಗೇರಿದರೆ ಖಲೀಲನ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು. ರೇಷ್ಮೆಯ ಊರಾದ ವಿಜಯಪುರದ ಬೀದಿಯಲ್ಲಿ ಜಗಳವಾಡಿ ಬೆಳೆದ ಬಾಯಿ ಅದು. ಸತ್ತವರು ಅವನ ಅಣ್ಣ ಶಫೀವುಲ್ಲಾ. ಚಿಕ್ಕಂದಿನಿಂದ ಅಣ್ಣನ ಟೂಲ್ ಬ್ಯಾಗು ಹೊತ್ತು ಹಿಂದೆ ಹಿಂದೆ ತಿರುಗಿದವನಿಗೆ ಬೆಳಗಿನಿಂದ ಅಳು ಬಂದಿರಲಿಲ್ಲ. ಕಣ್ಣು ಮಾಡಬೇಕಾದ ಕೆಲಸವನ್ನು ಕೈ ಮಾಡುತ್ತಿತ್ತು ಎಂದು ಹೇಳಿ ಅವನನ್ನು ಕ್ಷಮಿಸಿಬಿಡಬಹುದು. ಏಟು ತಿಂದವನಿಗೆ ಮಾತ್ರ ಅದು ಅಷ್ಟು ಸುಲಭವಲ್ಲ. ಓಣಿಯ ಇಬ್ಬರು ಬಂದು ಖಲೀಲನನ್ನು ಹಿಡಿದೆಳೆದರು.

ಒಳಗಿನಿಂದ, ಹೆಂಗಸರ ನಡುವೆ ಕೂತಿದ್ದ ಹಬೀಬುನ್ನೀಸಾ ಎದ್ದು ಬಾಗಿಲಿಗೆ ಬಂದಳು. ಗಂಡನನ್ನು ಕಳೆದುಕೊಂಡು ಇನ್ನೂ ಒಂದು ಹೊತ್ತೂ ಆಗಿರದವಳ ದನಿ ಅಷ್ಟು ಗಟ್ಟಿಯಾಗಿರುತ್ತದೆಂದು ಯಾರೂ ಎಣಿಸಿರಲಿಲ್ಲ. ಅಪ್ಪನನ್ನು ತೊಳೆಯುವುದು ಮಗನ ಹಕ್ಕು, ಅವನನ್ನು ಬಿಡು ಎಂದಳು. ಖಲೀಲ್ ಕೈ ಬಿಟ್ಟ.

ಅವಳು ಮಗನನ್ನು ಅಡುಗೆಮನೆಗೆ ಕರೆದೊಯ್ದು ಸೆರಗಿನಿಂದ ಅವನ ತುಟಿಯ ರಕ್ತ ಒರೆಸಿದಳು. ಎಂಟು ವರ್ಷಗಳ ಮೇಲೆ ಮನೆಯ ಹೊಸಲು ದಾಟಿದ ಮಗ. ಹೇಗಿದ್ದೀಯ ಎಂದು ಕೇಳಲಿಲ್ಲ.

"ನಮಾಜಿಗೆ ಮುಂಚೆ ದೊಡ್ಡ ಮಗ ನಿಂತ್ಕೊಂಡು ಸತ್ತೋರ ಪರವಾಗಿ ಮಾಫಿ ಕೇಳ್ಬೇಕು ಬೇಟಾ. ಕೇಳು. ನಾಲ್ಕು ಮಾತು ಹೇಳಿ ಸುಮ್ನಾಗ್ಬಿಡು. ಬೇರೇನೂ ಬಾಯಿಗೆ ತರಬೇಡ."

"ಬೀರೇಶಣ್ಣ ಬರ್ತಾನಾ?"

"ಬರದೇ ಇರ್ತಾನಾ? ಅವನಿಗೆ ನಿಮ್ಮಬ್ಬಾ ಅಂದ್ರೆ ದೇವರು." ಅವಳು ಸೆರಗನ್ನು ಮಡಿಸಿ ರಕ್ತದ ಕಲೆಯನ್ನು ಒಳಕ್ಕೆ ಮಾಡಿಕೊಂಡಳು. "ನೀನು ಸಂಜೆ ಬಸ್ ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋಗ್ಬಿಡ್ತೀಯ. ನಾನು ಇದೇ ಬೀದೀಲಿ ಬದುಕ್ಬೇಕು."

ಅವಳಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಹೀಗೆ ಹೇಳುತ್ತಿದ್ದಾಳೆ ಎಂಬುದೇ ಅಜರನಿಗೆ ಖಲೀಲನ ಏಟಿಗಿಂತ ಹೆಚ್ಚು ನೋವು ಕೊಟ್ಟಿತು. ಅವನು ಮಾತು ಕೊಡದೆ ಹಿತ್ತಲಿಗೆ ನಡೆದ.

*

ಅಬ್ಬಾ ರೇಡಿಯೋ ರಿಪೇರಿಯಿಂದ ಶುರುಮಾಡಿ, ರೇಷ್ಮೆ ದಾರಕ್ಕೆ ಹುರಿ ಹಾಕುವ ಯಂತ್ರಗಳಿಗೆ ಕಂಟ್ರೋಲ್ ಬೋರ್ಡು ಕಟ್ಟುವಷ್ಟು ಬೆಳೆದವರು. ಊರಿನ ಟ್ವಿಸ್ಟಿಂಗ್ ಯೂನಿಟ್ಟುಗಳಲ್ಲಿ ಮುಕ್ಕಾಲು ಪಾಲು ಅವರ ಬೋರ್ಡಿನಿಂದಲೇ ಓಡುತ್ತಿದ್ದವು. ಹಗಲೆಲ್ಲ ಬೆಸುಗೆ, ಸಂಜೆಯಾದರೆ ಹಳೆಯ ಕಂಪ್ಯೂಟರಿನ ಮುಂದೆ ಕೂತು ಸಿ ಭಾಷೆಯಲ್ಲಿ ಪ್ರೋಗ್ರಾಮು. ಅಜರನಿಗೆ ಮೀಸೆ ಚಿಗುರುವ ಮೊದಲೇ ಅವರು ಅವನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ಕಲಿಸಿದರು. ಕಲಿಸುವಾಗ ಅವರಷ್ಟು ಒಳ್ಳೆಯ ಅಪ್ಪ ಇನ್ನೊಬ್ಬರಿರಲಿಲ್ಲ.

ಅವರಿಗೆ ಬಹಳ ಹೆಮ್ಮೆಯ ವಿದ್ಯೆ ಒಂದಿತ್ತು. ಅದಕ್ಕೆ ಸೆಟ್‌ಜಂಪ್, ಲಾಂಗ್‌ಜಂಪ್ ಎಂದು ಹೆಸರು. ಪ್ರೋಗ್ರಾಮಿನ ಮೊದಲಲ್ಲೇ ಒಂದು ಕಡೆ ಗುರುತು ಇಟ್ಟುಬಿಡುವುದು. ಪ್ರೋಗ್ರಾಮಿನ ಒಂದು ತುಂಡು, ಅಂದರೆ ಒಂದು ಫಂಕ್ಷನ್ನು, ಇನ್ನೊಂದನ್ನು ಕರೆದು, ಅದು ಮತ್ತೊಂದನ್ನು ಕರೆದು, ಎಲ್ಲೋ ಆಳದಲ್ಲಿ ಏನಾದರೂ ಕೆಟ್ಟಿತೆಂದರೆ, ಬಂದ ದಾರಿಯಲ್ಲೇ ಒಬ್ಬೊಬ್ಬರಿಗೂ ವರದಿ ಒಪ್ಪಿಸುತ್ತಾ ಹಿಂದಿರುಗಬೇಕಾಗಿಲ್ಲ. ಒಂದೇ ಏಟಿಗೆ ಗುರುತಿನ ಜಾಗಕ್ಕೆ ಎಗರಿ, ಅಲ್ಲಿಂದ ಹೊಸದಾಗಿ ಶುರು. "ಏನೂ ಆಗೇ ಇಲ್ವೇನೋ ಅನ್ನೋ ಹಂಗೆ," ಎಂದು ಅಬ್ಬಾ ಚಿಟಿಕೆ ಹೊಡೆದು ತೋರಿಸುತ್ತಿದ್ದರು.

ಅವರ ಕೋಪವೂ ಹಾಗೆಯೇ ಇತ್ತು. ಬೆಲ್ಟು, ಸ್ಕೇಲು, ಕೈಗೆ ಸಿಕ್ಕ ವೈರು, ಯಾವುದಾದರೂ ನಡೆಯುತ್ತಿತ್ತು. ಹೊಡೆದು ದಣಿದು ಹೊರಗೆ ಹೋದವರು ಸ್ವಲ್ಪ ಹೊತ್ತಿಗೆ ಬೇಕರಿಯಿಂದ ಬೆಣ್ಣೆ ಬನ್ನು ತರುತ್ತಿದ್ದರು. ತಿನ್ನು ಬೇಟಾ ಎನ್ನುವಾಗ ಅವರ ಮುಖದಲ್ಲಿ ನಾಟಕವಿರುತ್ತಿರಲಿಲ್ಲ, ನಿಜವಾದ ಪ್ರೀತಿಯೇ ಇರುತ್ತಿತ್ತು. ಬಾಸುಂಡೆ ನೋಡಿದರೆ ಇದೇನಾಯಿತು ಎಂದು ಕೇಳಿಬಿಡುವರೇನೋ ಅನ್ನಿಸುತ್ತಿತ್ತು. ಅದೇ ಅಜರನಿಗೆ ಭಯ.

ಡಿಪ್ಲೊಮಾ ಓದುವಾಗ ಅಜರನಿಗೆ ಅಪ್ಪನ ಪ್ರೋಗ್ರಾಮಿನಲ್ಲಿ ಒಂದು ತಪ್ಪು ಕಾಣಿಸಿತು. ಯಂತ್ರದ ಬಾಗಿಲು ತೆರೆದು ಕೆಲಸಗಾರ ಕೈ ಒಳಗಿಟ್ಟಿದ್ದಾನೆ, ಮೋಟಾರು ತಿರುಗಿಸಬೇಡ ಎಂದು ನೆನಪಿಟ್ಟುಕೊಳ್ಳಲು ಅಬ್ಬಾ ಒಂದು ವೇರಿಯಬಲ್ಲು ಮಾಡಿದ್ದರು. ಅದಕ್ಕೆ 'ಹಾಥ್', ಅಂದರೆ ಕೈ, ಎಂದೇ ಹೆಸರಿಟ್ಟಿದ್ದರು. ಬಾಗಿಲು ತೆರೆದರೆ ಹಾಥ್ ಒಂದು, ಮುಚ್ಚಿದರೆ ಸೊನ್ನೆ. ಆಗಷ್ಟೇ ತರಿಸಿದ್ದ ಹೊಸ ಚಿಪ್ಪು ಅಗ್ಗದ್ದು, ಚಿಕ್ಕದು. ಅದರಲ್ಲಿ ಹಿಡಿಸಲೆಂದು ಪ್ರೋಗ್ರಾಮನ್ನು ಬಿಗಿಯಾಗಿ ಕಟ್ಟುವಂತೆ, ಅದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರಿಗೆ ಹೇಳಿದ್ದರು. ಹಾಗೆ ಬಿಗಿದಾಗ, ಗುರುತಿಟ್ಟ ಮೇಲೆ ಬದಲಾದ ಬೆಲೆ ಎಗರಿ ವಾಪಸು ಬಂದಾಗ ಉಳಿದಿರುತ್ತದೆಂದು ನಂಬುವ ಹಾಗಿಲ್ಲ. ಗುರುತಿಡುವಾಗ ಎಷ್ಟಿತ್ತೋ ಅಷ್ಟಕ್ಕೇ ಹೋಗಿಬಿಡಬಹುದು. ಒಳಗೆ ಕೈ ಇರುವುದು ಯಂತ್ರಕ್ಕೆ ಮರೆತುಹೋಗಬಹುದು.

"ಹಾಥ್ ಮುಂದೆ ವೊಲಟೈಲ್ ಅಂತ ಒಂದು ಪದ ಹಾಕಿ ಅಬ್ಬಾ," ಎಂದ ಅಜರ್. "ಅಷ್ಟು ಹಾಕಿದ್ರೆ ಸಾಕು, ಮರೆಯಲ್ಲ."

ಅಬ್ಬಾ ಪರದೆಯನ್ನು ನೋಡಲಿಲ್ಲ, ಮಗನನ್ನು ನೋಡಿದರು. ತನ್ನ ಬೋರ್ಡು ಇಷ್ಟು ವರ್ಷ ಓಡಿಲ್ಲವೇ ಎಂದು ಕೇಳಿದರು. ಅಜರ್ ಇನ್ನೊಮ್ಮೆ ವಿವರಿಸಲು ಬಾಯಿ ತೆರೆದ. ಅವರ ಕೈಯಲ್ಲಿದ್ದ ಕಾದ ಸೋಲ್ಡರಿಂಗ್ ಕಡ್ಡಿ ಅವನ ಮುಂಗೈ ಮೇಲೆ ಇಳಿಯಿತು. ಚರ್ಮ ಸುಟ್ಟ ವಾಸನೆಗೆ ಅಡುಗೆಮನೆಯಿಂದ ಅಮ್ಮಿ ಓಡಿಬಂದಳು. ಇವನು ನನಗೆ ಕಲಿಸ್ತಾನಂತೆ, ಒಂದು ಪದ ಹಾಕ್ಬೇಕಂತೆ ಎಂದು ಅಬ್ಬಾ ಅವಳಿಗೆ ನಗುತ್ತಲೇ ದೂರು ಹೇಳಿದರು.

ಆ ಸಂಜೆಯೂ ಬನ್ನು ಬಂತು.

*

ಹಿತ್ತಲಲ್ಲಿ ಖಲೀಲ್ ನೀರು ಹೊಯ್ದ, ಅಜರ್ ತೊಳೆದ. ಇಬ್ಬರ ನಡುವೆ ಬಿಳಿಯ ಬಟ್ಟೆಯ ಕೆಳಗೆ ಅಬ್ಬಾ ಮಲಗಿದ್ದರು. ಬೆಳಗಿನ ನಮಾಜಿಗೆ ಎದ್ದವರು ವುಜೂಗೆ ಕೈಕಾಲು ತೊಳೆಯುವ ನಲ್ಲಿಯ ಬಳಿಯೇ ಕುಸಿದಿದ್ದರಂತೆ. ಪದ್ಧತಿಯಂತೆ ಬಲಗಡೆಯಿಂದ ಶುರುಮಾಡಬೇಕು. ಅಜರ್ ಅವರ ಬಲಗೈ ಎತ್ತಿಕೊಂಡ. ಪ್ರಪಂಚದಲ್ಲಿ ಅವನಿಗೆ ಇಷ್ಟು ಚೆನ್ನಾಗಿ ಗೊತ್ತಿದ್ದ ಕೈ ಇನ್ನೊಂದಿಲ್ಲ. ಹೆಬ್ಬೆರಳ ಉಗುರಿನಲ್ಲಿ ಬೆಸುಗೆಯ ಮಸಿ ಇನ್ನೂ ಇತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಉಜ್ಜುತ್ತಾ ಉಜ್ಜುತ್ತಾ ಆ ಕೈಯನ್ನು ಮುರಿದುಬಿಡಬೇಕೆನ್ನಿಸಿತು, ಅದನ್ನು ಕೆನ್ನೆಗೆ ಒತ್ತಿಕೊಳ್ಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಮೆಲ್ಲಗೆ ಒರೆಸಿ ಕೆಳಗಿಟ್ಟ.

ಗೋಡೆಯಾಚೆ ಓಣಿ ತುಂಬಿತ್ತು. ಮಸೀದಿಯ ಮೈಕಿನಿಂದ ಹಿಡಿದು ಗಂಗಲಕ್ಷ್ಮಮ್ಮನ ಹಿಟ್ಟಿನ ಗಿರಣಿಯವರೆಗೆ ಶಫೀವುಲ್ಲಾ ಸಾಬ್ರು ಕೈಯಿಟ್ಟು ಬದುಕಿಸದ ಯಂತ್ರವಿಲ್ಲವೆಂದು ಜನ ಹೇಳಿಕೊಳ್ಳುತ್ತಿದ್ದರು. ಸಾಬ್ರ ಬಾಯಲ್ಲಿ ಒಂದು ಕೆಟ್ಟ ಮಾತು ಕೇಳಿದವರಿಲ್ಲವಂತೆ. ಅದೂ ಸುಳ್ಳಲ್ಲ. ಊರಿಗೆ ಬಾಯಿ, ಮನೆಗೆ ಕೈ ಎಂದು ಅವರು ಹಂಚಿಕೊಟ್ಟಿದ್ದರು.

ಕಫನ್ ಬಟ್ಟೆ ಸುತ್ತಿದ ಮೇಲೆ ಮಸೀದಿಯ ಹಜರತರು ಅಜರನನ್ನು ಪಕ್ಕಕ್ಕೆ ಕರೆದರು. ವಯಸ್ಸಾದವರು, ಮೆಲುಮಾತಿನವರು. ದೇವರಿಗೆ ಮಾಡಿದ ತಪ್ಪನ್ನು ದೇವರು ಮಾಫ್ ಮಾಡುತ್ತಾನೆ, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಮಾಡಬೇಕು, ಅದಕ್ಕೇ ಮಗನ ಕೈಲಿ ಕೇಳಿಸುವುದು ಎಂದು ವಿವರಿಸಿದರು. ಇಲ್ಲಿ ತೀರದೆ ಉಳಿದದ್ದನ್ನು ಮಯ್ಯತ್ ಹೊತ್ತುಕೊಂಡೇ ಹೋಗಬೇಕಾಗುತ್ತದೆ ಎಂದರು. ಎಲ್ಲ ಸಾವಿನಲ್ಲೂ ಹೇಳುವ ಮಾತೇ. ಅಜರನಿಗೆ ಮಾತ್ರ ಅದನ್ನು ಕೇಳಿ ಬೀರೇಶ್ ನೆನಪಾದ.

*

ಎಂಟು ವರ್ಷದ ಹಿಂದೆ, ವೆಂಕಟರಮಣಪ್ಪನವರ ಯೂನಿಟ್ಟಿನಲ್ಲಿ ಆವತ್ತು ಅಲ್ಲಿನ ಕೆಲಸಗಾರ ಬೀರೇಶ್ ಜಾರಿದ ಬೆಲ್ಟನ್ನು ಪುಲ್ಲಿಯ ಗಾಲಿಗೆ ಕೂರಿಸುತ್ತಿದ್ದ. ಬಾಗಿಲು ತೆಗೆದಿದ್ದ, ಯಂತ್ರ ನಿಂತಿತ್ತು, ಬಲಗೈ ಭುಜದವರೆಗೆ ಒಳಗಿತ್ತು. ಮೇನ್ ಸ್ವಿಚ್ಚು ತೆಗೆದರೆ ಇಡೀ ಸಾಲು ನಿಲ್ಲುತ್ತದೆಂದು ಯಾರೂ ತೆಗೆಯುತ್ತಿರಲಿಲ್ಲ. ಸಾಬ್ರ ಬೋರ್ಡು ಇರುವಾಗ ಭಯವೇನು? ಅದೇ ಹೊತ್ತಿಗೆ ಎಲ್ಲೋ ಮೂಲೆಯಲ್ಲಿ ಇಲಿ ಕಡಿದಿದ್ದ ಒಂದು ವೈರು ಕಚ್ಚಿಕೊಂಡಿದ್ದ ಕೊನೆಯ ಎಳೆಯನ್ನೂ ಬಿಟ್ಟಿತು. ಹವೆಯ ತೇವ ಅಳೆಯುವ ಸೆನ್ಸರು ಉತ್ತರ ಕೊಡಲಿಲ್ಲ. ಪ್ರೋಗ್ರಾಮು ಎಡವಿತು, ಎಗರಿತು, ಗುರುತಿಗೆ ಬಂದು ನಿಂತಿತು. ಹಾಥ್ ಸೊನ್ನೆಯಾಗಿತ್ತು. ಮೋಟಾರು ತಿರುಗಿತು.

ಬೆಲ್ಟು ಮೊದಲು ಬೆರಳುಗಳನ್ನು ತೆಗೆದುಕೊಂಡಿತು, ಆಮೇಲೆ ಮಣಿಕಟ್ಟು. ಬೀರೇಶ್ ಒಂದು ಕಾಲನ್ನು ಯಂತ್ರಕ್ಕೆ ಊರಿ ತನ್ನ ಕೈಯನ್ನು ತಾನೇ ಎಳೆಯುತ್ತಿದ್ದ. ಮೂಳೆ ಮುರಿದ ಸದ್ದು ಕದಿರುಗಳ ಗದ್ದಲದಲ್ಲೂ ಕೇಳಿಸಿತು. ಪಕ್ಕದ ಸಾಲಿನಲ್ಲಿ ಬೋರ್ಡು ಬಿಚ್ಚುತ್ತಿದ್ದ ಅಜರ್ ಓಡಿಹೋಗಿ ಮೇನ್ ಎಳೆಯುವಷ್ಟರಲ್ಲಿ ಬಿಳಿಯ ರೇಷ್ಮೆಯೆಲ್ಲ ಕೆಂಪಾಗಿ ಮೊಣಕೈಯ ಕೆಳಗೆ ಏನೂ ಉಳಿದಿರಲಿಲ್ಲ.

ಸುದ್ದಿ ಮುಟ್ಟಿ ಅಬ್ಬಾ ಓಡಿಬಂದರು. ಬಂದವರು, ಪ್ರೋಗ್ರಾಮು ಎಗರಿದೆಯೆಂದು ತೋರಿಸಲು ಬೋರ್ಡಿನ ಮೇಲೆ ಬ್ಯಾಟರಿಯಲ್ಲಿ ಇನ್ನೂ ಮಿನುಗುತ್ತಿದ್ದ ಕೆಂಪು ದೀಪವನ್ನು ಒಮ್ಮೆ ನೋಡಿದರು. ಅಜರನಿಗೆ ಗೊತ್ತಾಯಿತು, ಅವರಿಗೂ ಗೊತ್ತಾಗಿದೆ ಎಂದು. ತಂದೆ ಮಗ ಒಬ್ಬರನ್ನೊಬ್ಬರು ನೋಡಿಕೊಂಡರು. ಅಜರ್ ಬಾಯಿ ತೆರೆಯುವ ಮುಂಚೆಯೇ ಅಬ್ಬಾ ಕೂಗಿದರು.

"ನನ್ನ ಪ್ರೋಗ್ರಾಮ್‌ಗೆ ಕೈ ಹಾಕ್ಬೇಡ ಅಂದಿರ್ಲಿಲ್ವೇನೋ!"

ಗೋಡೆಗೆ ನೇತುಹಾಕಿದ್ದ ಹಳೆಯ ಬೆಲ್ಟು ಅವರ ಕೈಗೆ ಬಂದಿತ್ತು. ಮೊದಲ ಏಟು ಕಿವಿಯ ಮೇಲೆ ಬಿತ್ತು. ಈ ನನ್ಮಗ ನನಗೆ ಗೊತ್ತಿಲ್ಲದಂತೆ ಬೋರ್ಡು ಕೆದಕಿದ್ದಾನೆ ಎಂದು ನೆರೆದವರಿಗೆಲ್ಲ ಕೇಳುವಂತೆ ಕೂಗುತ್ತಾ ಬಾರಿಸಿದರು. ಬೀರೇಶನ ಅಣ್ಣತಮ್ಮಂದಿರಿಗೆ ಅಷ್ಟು ಸಾಕಾಗಿತ್ತು. ಅವರು ಅಜರನನ್ನು ಅಂಗಳಕ್ಕೆ ಎಳೆದು, ಹೊಟ್ಟೆಗೆ ಬೆನ್ನಿಗೆ ಒದ್ದು, ದವಡೆ ಮುರಿದರು. ಅಬ್ಬಾ ಬಾಗಿಲಲ್ಲಿ ನಿಂತಿದ್ದರು. ಬಿಡಿಸಲು ಬರಲಿಲ್ಲ. ಒದೆ ತಿನ್ನುತ್ತಲೇ ಅಜರ್ ಅವರನ್ನು ನೋಡುತ್ತಿದ್ದ. ಆ ಹೊತ್ತಿನ ಅವರ ಮುಖವನ್ನು ಅವನು ಸಾಯುವವರೆಗೆ ಮರೆಯುವುದಿಲ್ಲ.

ಆ ವಾರವೇ ಅಬ್ಬಾ ಊರಿನ ಎಲ್ಲ ಯೂನಿಟ್ಟುಗಳಿಂದ ತಮ್ಮ ಬೋರ್ಡುಗಳನ್ನು ಬಿಚ್ಚಿಸಿ ತರಿಸಿಕೊಂಡರು. ಹಾಸಿಗೆ ಹಿಡಿದಿದ್ದ ಅಜರನಿಗೆ ಪಕ್ಕದ ಕೋಣೆಯಲ್ಲಿ ಕೀಬೋರ್ಡಿನ ಸದ್ದು ಕೇಳಿಸುತ್ತಿತ್ತು. ಒಂದು ಪದ ಹಾಕುತ್ತಿದ್ದಾರೆ ಎಂದುಕೊಂಡ. ಸಂಜೆ ಬನ್ನು ತಂದು ತಲೆಗೆ ಕೈಯಿಟ್ಟು ತಿನ್ನು ಬೇಟಾ ಎಂದರು. ಅಗಿಯಲು ಅವನಿಗೆ ದವಡೆಯೇ ಇರಲಿಲ್ಲ. ಎದ್ದು ಓಡಾಡುವಂತಾದ ದಿನ ಮನೆ ಬಿಟ್ಟ. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಬೋರ್ಡು ರಿಪೇರಿ ಮಾಡಿಕೊಂಡು ಬದುಕಿದ. ಬೀರೇಶನ ಕೈ ತೆಗೆದವನು ಎಂಬ ಹೆಸರು ವಿಜಯಪುರದಲ್ಲಿ ಉಳಿಯಿತು.

*

ಮಸೀದಿಯ ಪಕ್ಕದ ಬಯಲಿನಲ್ಲಿ ಜನಾಜಾದ ಮಂಚ ಇಳಿಸಿದರು. ಹಿಂದೆ ಜನ ಸಾಲುಸಾಲಾಗಿ ಕೂತರು. ಬೇವಿನ ಮರದ ಕೆಳಗೆ ಹಿಂದೂ ನೆರೆಹೊರೆಯವರು, ಯೂನಿಟ್ಟುಗಳ ಮಾಲೀಕರು, ಅವರ ನಡುವೆ ಬೀರೇಶ್. ಅಂಗಿಯ ಬಲತೋಳನ್ನು ಮಡಿಸಿ ಪಿನ್ನು ಹಾಕಿಕೊಂಡಿದ್ದ. ಅತ್ತು ಅತ್ತು ಅವನ ಕಣ್ಣು ಊದಿಕೊಂಡಿತ್ತು.

ಅಜರ್ ಎದ್ದು ನಿಂತ. ನಮ್ಮಬ್ಬಾ ಯಾರಿಗಾದರೂ ಮಾತಿನಿಂದ, ಕೈಯಿಂದ ನೋವು ಮಾಡಿದ್ದರೆ ಮಾಫ್ ಮಾಡಿಬಿಡಿ ಎಂದು ಎರಡು ಭಾಷೆಯಲ್ಲೂ ಹೇಳಿದ. ಸಾಲುಗಳಿಂದ ಮಾಫ್ ಮಾಫ್ ಎಂಬ ಗೊಣಗು ಎದ್ದಿತು. ಅಲ್ಲಿಗೆ ಮುಗಿಯಬೇಕಿತ್ತು. ಅವನು ಮರದ ಕಡೆ ತಿರುಗಿದ.

"ಬೀರೇಶಣ್ಣ. ನೀನು?"

ಬೀರೇಶ್ ಮುಂದಕ್ಕೆ ಬಂದ.

"ಸಾಬ್ರು ನಂಗೇನ್ ಮಾಡಿದ್ರು ಮಾಫ್ ಮಾಡೋಕೆ? ಆಸ್ಪತ್ರೇಲಿ ನನ್ನ ಪಕ್ಕ ಕೂತು ಅಳ್ತಿದ್ರು. ನಮ್ಮಪ್ಪನೂ ಹಂಗೆ ಅಳ್ಲಿಲ್ಲ. ಅವರ ಮೇಲೆ ನಂಗೇನೂ ಇಲ್ಲ. ನಿನ್ನ ವಿಷಯ ಬೇರೆ."

ಖಲೀಲ್ ಹಿಂದಿನಿಂದ ಅಜರನ ತೋಳು ಹಿಂಡಿದ. ಸಾಕು, ಕೂತ್ಕೋ ಎಂಬ ಅರ್ಥ. ಅಜರನೂ ಕೂತುಬಿಡಬಹುದಿತ್ತು. ಅಮ್ಮಿ ಕೇಳಿಕೊಂಡದ್ದು ಅದನ್ನೇ, ಊರಿಗೆ ಬೇಕಾದದ್ದೂ ಅದೇ. ಅವನು ಕೂತರೆ ಅಬ್ಬಾ ಹೂವಿನಂಥ ಹೆಸರು ಹೊದ್ದುಕೊಂಡು ಮಣ್ಣಿಗೆ ಹೋಗುತ್ತಾರೆ, ಹಜರತರು ಹೇಳಿದ ಹಾಗೆ ಬೀರೇಶನ ಕೈಯನ್ನು ಮಾತ್ರ ಯಾರೂ ಇಳಿಸಲಾಗದಂತೆ ಹೊತ್ತುಕೊಂಡು. ಹೊರಲಿ ಎಂದು ಅವನ ಮುರಿದ ದವಡೆ ಹೇಳಿತು. ಎಂಟು ವರ್ಷ ಕಾದಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸೇಡು ಸಿಗುವುದಿಲ್ಲ, ಅದೂ ಒಳ್ಳೆಯ ಮಗನೆನಿಸಿಕೊಂಡು. ಆ ಆಸೆ ಎಷ್ಟು ಸಿಹಿಯಾಗಿತ್ತೆಂದರೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಆ ಬೋರ್ಡು ನಾನು ಮುಟ್ಟಿರ್ಲಿಲ್ಲ ಬೀರೇಶಣ್ಣ. ಪ್ರೋಗ್ರಾಮು ಅಬ್ಬಾದು. ಮಶೀನು ಮರ್ತುಹೋಗುತ್ತೆ, ಕೈ ಒಳಗಿದ್ರೂ ತಿರುಗಿಬಿಡುತ್ತೆ ಅಂತ ಮೊದಲೇ ಹೇಳಿದ್ದೆ. ಅವರು ಕೇಳ್ಲಿಲ್ಲ. ಆಮೇಲೆ ನನ್ನ ಮೇಲೆ ಹಾಕಿದ್ರು. ನೀನು ಮಾಫ್ ಮಾಡ್ಬೇಕಾಗಿರೋದು ಅವರನ್ನ."

ಮಾತು ಮುಗಿಯುವ ಮುಂಚೆಯೇ ಖಲೀಲ್ ಅವನ ಮೇಲೆ ಬಿದ್ದಿದ್ದ. ಇಬ್ಬರೂ ಉರುಳಿ ಜನಾಜಾದ ಕಾಲಿಗೆ ಬಡಿದರು, ಮಂಚ ಅಲ್ಲಾಡಿತು, ನಾಲ್ಕೈದು ಜನ ಅದನ್ನು ಹಿಡಿದುಕೊಂಡರು. ಖಲೀಲ್ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದುತ್ತಿದ್ದ, ಹರಾಮಿ, ಸತ್ತೋರ ಮೇಲೆ ಹಾಕ್ತೀಯಾ ಎನ್ನುತ್ತಾ ಗುದ್ದುತ್ತಿದ್ದ. ಸಾಲಿನಿಂದ ಬಂದ ಇನ್ಯಾರೋ ಪಕ್ಕೆಗೆ ಒದ್ದರು. ಹಜರತರ ದನಿ ಯಾರಿಗೂ ಕೇಳಿಸಲಿಲ್ಲ. ಅಜರ್ ಕೈ ಅಡ್ಡ ಹಿಡಿಯಲಿಲ್ಲ. ರಕ್ತ ತುಂಬಿದ ಬಾಯಿಂದ ಮೆಲ್ಲಗೆ ಕೇಳಿದ.

"ಚಾಚಾ, ಆ ವಾರ ಊರಿನ ಬೋರ್ಡೆಲ್ಲ ಬಿಚ್ಚಿ ಹೊತ್ಕೊಂಡು ಬಂದೋನು ನೀನೇ ಅಲ್ವಾ? ನಾನು ಕೆಡಿಸಿದ್ದು ಒಂದೇ ಆಗಿದ್ರೆ, ಮಿಕ್ಕಿದ್ದನ್ನ ಯಾಕೆ ಬಿಚ್ಚಿಸಿದ್ರು?"

ಎತ್ತಿದ ಮುಷ್ಟಿ ಗಾಳಿಯಲ್ಲೇ ನಿಂತಿತು. ಖಲೀಲ್ ಜನಾಜಾದ ಕಡೆ ನೋಡಿದ. ಟೂಲ್ ಬ್ಯಾಗು ಹೊತ್ತು ತಿರುಗಿದವನು ಬೋರ್ಡುಗಳನ್ನೆಲ್ಲ ಯಾಕೆ ಬಿಚ್ಚಿದ್ದೆಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಿಕೊಂಡ. ಅಜರನ ಎದೆಯ ಮೇಲಿಂದ ಇಳಿದು, ನೆಲದಲ್ಲೇ ಕೂತು, ಬೆಳಗಿನಿಂದ ಬಾರದ ಅಳು ಅಳತೊಡಗಿದ.

ಹಜರತರು ಬೀರೇಶನ ಕಡೆ ತಿರುಗಿದರು. ಅವನ ಜಾಗ ಖಾಲಿಯಾಗಿತ್ತು. ನಮಾಜ್ ಮುಗಿಯಿತು. ಅಜರ್ ಮುಖ ತೊಳೆದು ಬಂದು ಹೆಗಲು ಕೊಟ್ಟ. ಖಬರಸ್ತಾನದ ದಾರಿಯುದ್ದಕ್ಕೂ ಅವನ ಪಕ್ಕದ ಹೆಗಲಿಗೆ ಯಾರೂ ಬರಲು ಒಪ್ಪಲಿಲ್ಲ, ಕೊನೆಗೆ ಖಲೀಲನೇ ಬಂದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಬ್ಬಾರನ್ನು ಇಳಿಸಿ ಹಲಗೆ ಮುಚ್ಚಿದರು. ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಬೇಕು, ಮೊದಲು ದೊಡ್ಡ ಮಗ. ಅಜರ್ ಒಂದು ಹಾಕಿದ, ಎರಡು ಹಾಕಿದ. ಮೂರನೆಯದನ್ನು ಹಿಡಿದು ಬಗ್ಗಿದವನಿಗೆ ಕೈ ಬಿಚ್ಚಲಾಗಲಿಲ್ಲ. ಪಕ್ಕಕ್ಕೆ ಸರಿದು ಬೇರೆಯವರಿಗೆ ಜಾಗ ಮಾಡಿಕೊಟ್ಟ.

ಜನ ಕರಗುವ ಹೊತ್ತಿಗೆ ಗೇಟಿನ ಬಳಿ ಬೀರೇಶ್ ಕಾಣಿಸಿದ. ನೇರ ಗುಂಡಿಯ ಅಂಚಿಗೆ ಬಂದು ನಿಂತ. ಯಾರೂ ತಡೆಯಲಿಲ್ಲ. ಬಗ್ಗಿ ಎಡಗೈ ತುಂಬ ಮಣ್ಣು ಬಾಚಿಕೊಂಡು, ಕಲ್ಲು ಬೀರುವಂತೆ ಬೀರಿದ. ಹಲಗೆ ದಡ್ಡೆಂದಿತು. ಎರಡನೆಯ ಸಲ ಇನ್ನೂ ಜೋರಾಗಿ ಎಸೆದ. ಹಾಗೆ ಎಸೆಯುವಾಗ ಅವನ ಗಂಟಲಿನಿಂದ ಬಂದ ಸದ್ದಿಗೆ ಸಲಿಕೆ ಹಿಡಿದವರು ಹಿಂದೆ ಸರಿದರು. ಮೂರನೆಯ ಹಿಡಿ ಎತ್ತಿದ ಕೈಯಲ್ಲೇ ಉಳಿಯಿತು.

"ಅಷ್ಟೊಂದು ಅಳ್ತಿದ್ರು," ಎಂದ, ಗುಂಡಿಯೊಳಕ್ಕೆ ನೋಡುತ್ತಾ. "ನಂಗೋಸ್ಕರ ಅಂದ್ಕೊಂಡಿದ್ದೆ."

ಆಮೇಲೆ ಕೈ ಇಳಿಸಿ ಬೆರಳು ಬಿಡಿಸಿದ. ಮಣ್ಣು ಸದ್ದಿಲ್ಲದೆ ಜಾರಿ ಬಿತ್ತು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅಜರನ ಎದುರಿಗೆ ಬಂದ. ಒಡೆದ ಮುಖವನ್ನು ನೋಡಿದ, ಹೊಡೆಯುವನೇನೋ ಎಂಬಷ್ಟು ಹತ್ತಿರದಿಂದ.

"ನಂದು ಮಾಫ್ ಆಯ್ತು ಕಣೋ," ಎಂದು ಹೇಳಿ ಹೊರಟುಹೋದ.

ಸಲಿಕೆಯವರು ಅಜರನನ್ನು ನೋಡಿದರು, ಮುಚ್ಚಬಹುದಾ ಎಂಬಂತೆ. ಅವನ ಬಲಗೈ ಬಿಗಿದೇ ಇತ್ತು. ಬೆರಳ ಸಂದಿಯಿಂದ ಒಂದೊಂದೇ ಹರಳು ಉದುರುತ್ತಿತ್ತು, ಮುಷ್ಟಿ ಮಾತ್ರ ಬಿಚ್ಚಿಕೊಳ್ಳಲಿಲ್ಲ. ಅವರು ಸಲಿಕೆಯ ಹಿಡಿಗೆ ಗದ್ದ ಊರಿ ಕಾಯುತ್ತಾ ನಿಂತರು.